ಅಮೃತಬಳ್ಳಿಯನ್ನು ಕಹಿಬೇವಿಗೇ ಹಬ್ಬಿಸಬೇಕಾ? ಕಾಸರಗೋಡಿನ ನಮ್ಮ ತೋಟದಲ್ಲಿ ಬೇವು ಬರ್ತಾನೇ ಇಲ್ಲ

ನಾನೂ ಇದೇ ಬೇವಿನ ಹಿಂದೆ ಬಿದ್ದಿದ್ದವನು. ಬದಿಯಡ್ಕದ ಹತ್ತಿರ ನಮ್ಮ ತೋಟ. ಇಲ್ಲಿನ ಮಳೆಗೆ ಬೇವಿನ ಸಸಿ ಏಳಲೇ ಇಲ್ಲ. ಕೊನೆಗೆ ಪರಿಚಯದವರ ಮನೆಯಲ್ಲಿ ಬೇವಿನ ಮೇಲೆ ದಟ್ಟವಾಗಿ ಹಬ್ಬಿದ್ದ ಬಳ್ಳಿ ಕಂಡಿತು. ತುಂಡು ಕೇಳಿ ತಂದು ನೆಟ್ಟೆ.

ಕೆಟ್ಟದ್ದು ಅಲ್ಲೇ. ಮರ ನೋಡಿದೆ, ಬಳ್ಳಿ ನೋಡಲಿಲ್ಲ. ಎಲೆ ಹೃದಯದ ಆಕಾರದ್ದೇ, ಮೇಲಿಂದ ತೆಳು ಬಿಳಲು ಇಳಿದಿತ್ತು, ಅಗಿದರೆ ಕಹಿ, ಹಾಗಾಗಿ ಸಂಶಯವೇ ಬರಲಿಲ್ಲ. ಕಾಂಡದ ತುಂಬ ಮಾತ್ರ ಉಬ್ಬು ಗಂಟುಗಳು, ಹಾಗಲಕಾಯಿ ಸವರಿದ ಹಾಗೆ. ಬಲಿತ ಮೇಲೆ ಹಾಗಾಗುತ್ತೆ ಅಂದುಕೊಂಡೆ. ಚೆನ್ನಾಗಿ ದಪ್ಪ ಆಗಲಿ ಅಂತ ಕಾದು, ಗೊಬ್ಬರ ಹಾಕಿ, ಒಂದು ಹೊರೆ ಕಡಿದು ವೈದ್ಯರ ಹತ್ತಿರ ಒಯ್ದರೆ ಅವರು ಉಗುರಿನಲ್ಲಿ ಗೀರಿ, ಒಸರಿದ ಹಾಲು ತೋರಿಸಿ, "ಇದು ಅಮೃತವೇ ಅಲ್ಲ ಮಾರಾಯ್ರೆ" ಅಂದರು. ಅದು ಟಿನೋಸ್ಪೋರಾ ಕ್ರಿಸ್ಪಾ. ಲಿವರಿಗೆ ಪೆಟ್ಟು ಕೊಡುವ ಜಾತಿ. ನಮಗೆ ಬೇಕಾದ್ದು ಟಿನೋಸ್ಪೋರಾ ಕಾರ್ಡಿಫೋಲಿಯಾ, ಮಲಯಾಳದವರ ಚಿಟ್ಟಮೃತ್. ಇವೆರಡನ್ನೂ ಅದಲು ಬದಲು ಮಾಡಿಕೊಳ್ಳಬೇಡಿ ಅಂತ 2022ರಲ್ಲಿ ಆಯುಷ್ ಸಚಿವಾಲಯವೂ ಎಚ್ಚರಿಸಿತ್ತು. ಪುಣ್ಯಕ್ಕೆ ಮನೆಯಲ್ಲಿ ಯಾರೂ ಕಷಾಯ ಮಾಡಿ ಕುಡಿದಿರಲಿಲ್ಲ. ಗೊಬ್ಬರ, ಕೆಲಸದವರ ಸಂಬಳ ಎಲ್ಲ ಹೋಯಿತು. ಬುಡಸಮೇತ ಕಿತ್ತು ಸುಟ್ಟೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡಿ. ಬೇವಿನ ಮೇಲಿನದ್ದು ಶ್ರೇಷ್ಠ ಅಂತ ವೈದ್ಯರು ಹೇಳುವುದು ಹೌದು. ಆದರೆ ಅಮೃತಬಳ್ಳಿ ಬಂದಳಿಕೆ ಅಲ್ವಲ್ಲ, ಮರದ ರಸ ಹೀರಿ ಬದುಕೋದಕ್ಕೆ. ಅದರ ಬೇರು ಮಣ್ಣಲ್ಲಿದೆ, ಮರ ಬರೀ ಆಸರೆ. ನುಗ್ಗೆಗೋ ಮಾವಿಗೋ ಬಿಡಿ. ಕಾಳುಮೆಣಸು ಇರುವ ಮರಕ್ಕೆ ಮಾತ್ರ ಬೇಡ, ಮೇಲೆ ಹತ್ತಿ ಮೆಣಸಿಗೆ ಬಿಸಿಲೇ ಸಿಗದ ಹಾಗೆ ಮಾಡುತ್ತೆ.

ತುಂಡು ತರುವಾಗ ಕಾಂಡವನ್ನು ಕೈಯಲ್ಲಿ ಸವರಿ ನೋಡಿ. ಸಣ್ಣ ಚುಕ್ಕಿಗಳು ಅಸಲಿಯಲ್ಲೂ ಇರುತ್ತವೆ, ಅದಕ್ಕೆ ಹೆದರಬೇಡಿ. ಮೇಲಿನ ಕಾಗದದಂಥ ತೆಳು ಸಿಪ್ಪೆ ಎದ್ದು ಬಂದು ಒಳಗೆ ಹಸಿರು ಕಾಣಬೇಕು, ಹಾಲು ಬರಬಾರದು. ಎರಡು ಗಿಣ್ಣು ಇರುವ, ಬೆರಳು ದಪ್ಪದ ತುಂಡು ಸಾಕು. ಮಳೆ ಶುರುವಾಗುವಾಗ ನೀರು ನಿಲ್ಲದ ಕಡೆ ಊರಿ. ಆದರೂ ಅನುಮಾನ ಇದ್ದರೆ ಕಷಾಯಕ್ಕೆ ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು ಮನೆಯಲ್ಲಿದ್ದರೆ ಅವರಿಗೆ ಸುಮ್ನೆ ಕುಡಿಸೋದಕ್ಕೆ ಹೋಗಬೇಡಿ, ಸಕ್ಕರೆ ಜಾಸ್ತಿ ಇಳಿಯಬಹುದು.