ವಾಲಿಯ ಪ್ರಶ್ನೆಗೆ ತಡವರಿಸಿದ ರಾಮ

ಬ್ರಹ್ಮಾವರದ ಕಡೆಯವರು. ವಯಸ್ಸು 36, ಸಹಕಾರಿ ಸಂಘವೊಂದರಲ್ಲಿ ಕೆಲಸ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಉಡುಪಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೂತವರೇ "ನನಗೆ ಮಾತೇ ನಿಂತುಹೋಗಿದೆ ಮೇಡಂ" ಎಂದರು. ಆಮೇಲೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡಿದರು!

ವಿಷಯ ತಾಳಮದ್ದಳೆ, ಅಂದರೆ ಯಕ್ಷಗಾನದ ಮಾತಿನ ಕೂಟ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಮಾತು ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೋ ಗೊತ್ತಿರುವುದಿಲ್ಲ. ಎರಡು ವರ್ಷದ ಹಿಂದೆ ವಾಲಿವಧೆಯಲ್ಲಿ ಇವರು ರಾಮ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವುದು ಎಲ್ಲರಿಗೂ ಗೊತ್ತಿರುವುದೇ. ಅಂದು ವಾಲಿ ಮಾಡಿದ ಹಿರಿಯರು ಅಲ್ಲಿಗೆ ಬಿಡಲಿಲ್ಲ. "ಸುಗ್ರೀವನ ಮಾತು ಕೇಳಿದೆ. ನನ್ನ ಮಾತು ಒಮ್ಮೆಯಾದರೂ ಕೇಳಿದ್ದೀಯಾ?" ಎಂದರು. ಇವರಿಗೆ ನಾಲಿಗೆ ಏಳಲಿಲ್ಲ. ಕೊನೆಗೆ ಭಾಗವತರು ಮುಂದಿನ ಪದ್ಯ ಎತ್ತಿದರು. ಯಾರೋ ಅದರ ವಿಡಿಯೊ ವಾಟ್ಸಾಪ್‌ಗೆ ಹಾಕಿದರು. ಅಲ್ಲಿಂದೀಚೆ ಕೂಟಕ್ಕೆ ಕರೆದಾಗೆಲ್ಲ ಇವರಿಗೆ ಜ್ವರ, ಇಲ್ಲವೇ ನೆಂಟರ ಮದುವೆ.

ನಿದ್ದೆ, ಊಟ, ಕೆಲಸ ಸರಿಯಿತ್ತು. ಇಲ್ಲದಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ನನ್ನ ಮೊದಲ ಸಲಹೆ ಕೈಕೊಟ್ಟಿತು. ಹೆದರಿಕೆಯಾದಾಗ ಉಸಿರು ಎಣಿಸಿ ಎಂದಿದ್ದೆ. "ಉಸಿರು ಎಣಿಸ್ತಾ ಕೂತರೆ ಎದುರಿನವರ ಮಾತು ಕೇಳುವುದು ಯಾರು?" ಎಂದು ವಾಪಸ್ ಬಂದರು. ನಿಜವೇ. ಭಯವಾದಾಗ ಗಮನವೆಲ್ಲ ಒಳಗೇ ತಿರುಗುತ್ತದೆ: ಗಂಟಲು ಒಣಗಿತಾ, ಕೈ ನಡುಗಿತಾ ಅಂತ. ನಾನು ಅದನ್ನೇ ಜಾಸ್ತಿ ಮಾಡಿದ್ದೆ.

ಮುಂದಿನ ಸಲ ಆ ವಿಡಿಯೊ ತರಿಸಿದೆ. ನೋಡುವ ಮೊದಲು ಒಂದು ಚೀಟಿಯಲ್ಲಿ ಬರೆಸಿದೆ, ಎಷ್ಟು ಹೊತ್ತು ಸುಮ್ಮನಿದ್ದಿರಿ ಅಂತ. "ಎರಡು ನಿಮಿಷ" ಎಂದು ಬರೆದರು. ಹೊತ್ತು ಅಳೆದು ನೋಡಿದರೆ 11 ಸೆಕೆಂಡ್. ನಂಬದೆ ಮತ್ತೆರಡು ಸಲ ನೋಡಿದರು. ಕೊನೆಗೆ ಮೆಲ್ಲ ಹೇಳಿದರು, "ರಾಮ ಯೋಚನೆ ಮಾಡುವ ಹಾಗೆ ಕಾಣ್ತದೆ ಅಲ್ವಾ?" ಕೈ ನಡುಗಿದ್ದು ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು. ಇಲ್ಲ ಎಂದು ನಾನು ಸಮಾಧಾನ ಹೇಳಲಿಲ್ಲ.

ಇನ್ನೊಂದು ಗುಟ್ಟು ನಿಧಾನಕ್ಕೆ ಹೊರಬಂತು. ಕೂಟಕ್ಕೆ ಹೋಗದ ಈ ಎರಡು ವರ್ಷದಲ್ಲಿ ರಾಮನ ಮಾತನ್ನು ನಾಲ್ಕು ನೋಟ್‌ಬುಕ್ ತುಂಬ ಬರೆದಿದ್ದರು. ಅವರಿಗೆ ಅದು ತಯಾರಿ. ನನಗೆ ತಪ್ಪಿಸಿಕೊಳ್ಳುವ ದಾರಿಯಾಗಿ ಕಂಡಿತು. ಅಂದು ಕೈಬಿಟ್ಟದ್ದೂ ಬಾಯಿಪಾಠವೇ ತಾನೆ?

ಹಾಗಾಗಿ ನೋಟ್‌ಬುಕ್ ಕಪಾಟಿಗೆ ಹಾಕಿ, ಒಂದು ಚೀಟಿಯಲ್ಲಿ ಐದು ಅಂಶ ಸಾಕು ಎಂದೆ. ಮನೆಯಲ್ಲಿ ಹೆಂಡತಿ ವಾಲಿಯಾಗಿ ಬಾಯಿಗೆ ಬಂದದ್ದು ಕೇಳಲಿ, ನೀವು ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರಿಸಿ. (ಆಕೆಯ ಮೊದಲ ಪ್ರಶ್ನೆ: "ರಾಮಾ, ಮೊನ್ನೆ ತೆಂಗಿನಕಾಯಿ ಯಾಕೆ ತರಲಿಲ್ಲ?") ಉತ್ತರ ಹೊಳೆಯದಿದ್ದರೆ ಪಾತ್ರದೊಳಗೇ ಒಪ್ಪಿಕೊಳ್ಳಿ: "ನಿನ್ನ ಪ್ರಶ್ನೆ ಸರಿಯಿದೆ ವಾಲಿ." ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ, ತಾಳಮದ್ದಳೆಗೆ ಅದೇ ಕಾಲ. ಆಗ ಊರಿನ ಸಂಘದಲ್ಲಿ ಸಣ್ಣ ಪಾತ್ರದಿಂದ ಶುರುಮಾಡಿ.

ಒಂದು ವಿಷಯಕ್ಕೆ ಮಾತ್ರ ಅವರು ಒಪ್ಪಲೇ ಇಲ್ಲ. ಭಾಗವತರು ಪದ್ಯ ಎತ್ತಿದ್ದು ಮರ್ಯಾದೆ ತೆಗೆಯಲಿಕ್ಕೆ ಎಂದೇ ಅವರ ವಾದ. ಕೂಟ ನಡೆಸುವುದು ಅವರ ಕೆಲಸ ಅಲ್ವಾ, ಹೋಗಿ ಕೇಳಿ ಎಂದೆ. ತಿಂಗಳು ತಡಮಾಡಿ ಕೇಳಿದರು. ಭಾಗವತರು "ಯಾವ ಕೂಟ ಮಾರಾಯ್ರೆ?" ಎಂದರಂತೆ.

ಆಗಸ್ಟ್‌ನಲ್ಲಿ ಫೋನ್ ಬಂತು. "ನಿನ್ನೆ ಸುಗ್ರೀವ ಮಾಡಿದ್ದೆ ಮೇಡಂ. ಪುನಃ ಸಿಕ್ಕಿಬಿದ್ದೆ."

"ಎಷ್ಟು ಹೊತ್ತು?"

"ಅದು ಲೆಕ್ಕ ಇಟ್ಟದ್ದಿಲ್ಲ. ಮುಂದಿನ ಶನಿವಾರ ಇನ್ನೊಂದು ಉಂಟು, ಬರ್ತೀರಾ?"