ಏಳನೇ ಅಧ್ಯಾಯದಲ್ಲಿ ನಿಂತ ಕಾದಂಬರಿ, ಮನೆ ಮತ್ತು ಮಂಗಳೂರು ಬಸ್ಸು

ನೀವು ಕೇಳಿದ್ದು ಇಷ್ಟು: ಮನೆ ಉಡುಪಿಯ ಸಂತೆಕಟ್ಟೆಯಲ್ಲಿ, ಕೆಲಸ ಮಂಗಳೂರಿನಲ್ಲಿ, ದಿನಾ ಬಸ್ಸು. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಮೂರು ವರ್ಷವಾದರೂ ಕಾದಂಬರಿ ಏಳು ಅಧ್ಯಾಯ ದಾಟಿಲ್ಲ. ಬರೆಯಲು ಸಮಯ ಎಲ್ಲಿಂದ ತರುವುದು?

ಸಮಯದ ಲೆಕ್ಕ ಆಮೇಲೆ ನೋಡೋಣ, ನನ್ನ ಅನುಮಾನ ಬೇರೆ ಕಡೆಗಿದೆ. ಹತ್ತು ದಿನ ಬಿಟ್ಟು ಕೂತಾಗ ನೀವು ಮೊದಲ ಅಧ್ಯಾಯದಿಂದ ಓದಿಕೊಂಡು ಬರುತ್ತಿರಬೇಕು. ಓದುತ್ತಾ ಒಂದೊಂದು ಪದ ತಿದ್ದುತ್ತೀರಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಮರುವಾರ ಮತ್ತೆ ಅದೇ. ಮೊದಲೆರಡು ಅಧ್ಯಾಯ ನುಣುಪಾಗುತ್ತಾ ಹೋಗುತ್ತದೆ, ಎಂಟನೆಯದು ಹುಟ್ಟುವುದೇ ಇಲ್ಲ. ಬರವಣಿಗೆಯೊಳಗೆ ಮರಳಿ ಇಳಿಯಲು ಅರ್ಧ ಗಂಟೆ ಬೇಕಾದರೆ, ಸಿಗುವ ನಲವತ್ತು ನಿಮಿಷದಲ್ಲಿ ಉಳಿಯುವುದು ಹತ್ತು. ಮೊದಲು ಸರಿಮಾಡಬೇಕಾದದ್ದು ಇದನ್ನು.

ಅದಕ್ಕೆ ಬರವಣಿಗೆ ಬಿಟ್ಟು ಏಳುವ ಮೊದಲಿನ ಎರಡು ನಿಮಿಷ ಮೀಸಲಿಡಿ. ಅಧ್ಯಾಯ ಅಥವಾ ದೃಶ್ಯ ಮುಗಿದ ಕಡೆ ಯಾವತ್ತೂ ನಿಲ್ಲಿಸಬೇಡಿ, ಮರುದಿನ ಖಾಲಿ ಹಾಳೆ ಎದುರಾಗುತ್ತದೆ. ಮಾತಿನ ನಡುವೆ ನಿಲ್ಲಿಸಿ, ಕೆಳಗೆ ಒಂದು ಚೀಟಿ ಬರೆಯಿರಿ. ಉದಾಹರಣೆಗೆ ಹೀಗೆ:

"ಲಲಿತ ಬಾವಿಕಟ್ಟೆಯಲ್ಲಿ. ಕೊಡ ತುಂಬಿದೆ, ಎತ್ತಿಲ್ಲ. ಕಾಗದ ಓದಿದ್ದು ಅತ್ತಿಗೆಗೆ ಗೊತ್ತಿಲ್ಲ. ಮುಂದಿನ ಮಾತು ಅತ್ತಿಗೆಯದ್ದು: ಒಂದು ಕೊಡ ನೀರಿಗೆ ಇಷ್ಟು ಹೊತ್ತು ಬೇಕಾ?"

ಇದರಲ್ಲಿ ಜಾಗ ಇದೆ, ಕೈಯಲ್ಲಿರುವ ವಸ್ತು ಇದೆ, ಯಾರಿಗೆ ಏನು ಗೊತ್ತು ಎಂಬುದಿದೆ, ಮುಂದಿನ ಸಾಲೂ ಇದೆ. ನಾಲ್ಕರಲ್ಲಿ ಹೆಚ್ಚಿನವರು ಮರೆಯುವುದು ಮೂರನೆಯದನ್ನು, ದೃಶ್ಯ ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಮರಳಿ ಕೂತಾಗ ಈ ಚೀಟಿ ಮತ್ತು ಕೊನೆಯ ಎರಡು ಪುಟ ಮಾತ್ರ ಓದಿ. ಒಂದು ತಿಂಗಳು ಬಿಟ್ಟಿದ್ದರೂ ಅಷ್ಟೇ. ಬಾಗಿಲ ಬೆಲ್ ಆದಾಗ ಚೀಟಿಗೆ ಪುರುಸೊತ್ತಿಲ್ಲದಿದ್ದರೆ ಮುಂದಿನ ವಾಕ್ಯದ ಮೂರು ಪದ ಗೀಚಿಯಾದರೂ ಏಳಿ.

ಹಿಂದಿನ ಅಧ್ಯಾಯ ತೆರೆಯದೆ ಇರಲು ಒಂದು ಹಾಳೆ ಬೇಕು. ಅಧ್ಯಾಯಕ್ಕೆ ಒಂದೇ ಸಾಲು: ಯಾರು, ಎಲ್ಲಿ, ಯಾವ ತಿಂಗಳು, ಯಾರ ಪ್ರಾಯ ಎಷ್ಟು. ತಿಂಗಳು ಬರೆಯದಿದ್ದರೆ ಮೂರನೇ ಅಧ್ಯಾಯದಲ್ಲಿ ಹಲಸಿನ ಹಣ್ಣು ಬಿಡಿಸಿದವರು ಐದನೆಯದರಲ್ಲಿ, ಒಂದು ವಾರದ ನಂತರ, ಮಳೆ ಕಳೆದ ಮೇಲೆ ಕೊಯ್ಲಿಗೆ ಬರುವ ಏಣೆಲು ಬೆಳೆಯ ಗದ್ದೆ ಕೊಯ್ಯುತ್ತಾರೆ. ನಮ್ಮ ಕಡೆಯ ಓದುಗರು ಇದನ್ನು ಹಿಡಿಯದೆ ಬಿಡುವುದಿಲ್ಲ. ಹಿಂದೆ ಏನಾದರೂ ಬದಲಿಸಬೇಕೆನಿಸಿದರೆ ಈ ಹಾಳೆಯ ಹಿಂಬದಿಯಲ್ಲಿ ಗುರುತು ಹಾಕಿ, ಅಲ್ಲಿಗೆ ಹೋಗಬೇಡಿ.

ಈಗ ಲೆಕ್ಕ. 60,000 ಪದದ ಕಾದಂಬರಿ ಅಂದರೆ ಕಾದಂಬರಿಗಳ ಸಾಮಾನ್ಯ ಅಳತೆಯಾದ ಡೆಮಿ 1/8ರಲ್ಲಿ ಹೆಚ್ಚುಕಡಿಮೆ 250 ಪುಟ. ನಿಮ್ಮ ಏಳು ಅಧ್ಯಾಯ ತಲಾ 2,500 ಅಂತ ಹಿಡಿದರೆ 17,500 ಆಗಿದೆ, ಇನ್ನು 42,500 ಬೇಕು. ದಿನಕ್ಕೆ 300 ಪದ, ಕೈಬರಹದಲ್ಲಿ ಎರಡು ಪುಟದ ಆಸುಪಾಸು. ವಾರಕ್ಕೆ ಐದು ದಿನ ಗುರಿ ಇಡಿ, ಲೆಕ್ಕಕ್ಕೆ ನಾಲ್ಕೇ ದಿನ ಹಿಡಿಯಿರಿ. ಐದನೆಯದು ಜ್ವರಕ್ಕೆ, ಗ್ಯಾಸ್ ಬುಕ್ಕಿಂಗಿಗೆ, ನೆಂಟರಿಗೆ.

ಯಾವ ತಿಂಗಳಲ್ಲಿ ಬರೆಯುತ್ತೀರಿ ಎಂಬುದು ಇಲ್ಲಿ ಗಂಟೆಗಿಂತ ಮುಖ್ಯ. ಜನವರಿ ಒಂದರ ಸಂಕಲ್ಪ ಕರಾವಳಿಯಲ್ಲಿ ನಡೆಯುವುದಿಲ್ಲ. ಆಗಿನಿಂದ ಮೇ ತನಕ ಜಾತ್ರೆ, ಭೂತಕೋಲ, ದೇವಸ್ಥಾನಗಳ ಬ್ರಹ್ಮಕಲಶ, ಮದುವೆ, ಕೊನೆಗೆ ರಜೆಗೆಂದು ಮುಂಬಯಿಯಿಂದ ಬರುವವರು. ತುಳು ಪಂಚಾಂಗದ ಪತ್ತನಾಜೆ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ ನಿಲ್ಲುತ್ತದೆ, ಅದರ ಬೆನ್ನಿಗೇ ಶಾಲೆಯೂ ಶುರುವಾಗುತ್ತದೆ. ಜುಲೈ ನಡುವಿನಿಂದ ಒಂದು ತಿಂಗಳು ತುಳುವರ ಆಟಿ ಮಾಸ, ಶುಭಕಾರ್ಯ ಇಲ್ಲ, ಯಾರೂ ಕರೆಯುವುದಿಲ್ಲ. ಪತ್ತನಾಜೆಯಿಂದ ದೀಪಾವಳಿವರೆಗೆ, ಅಷ್ಟಮಿ, ಚೌತಿ, ನವರಾತ್ರಿ ಕಳೆದು, 20 ವಾರವಾದರೂ ಉಳಿಯುತ್ತದೆ. ವಾರಕ್ಕೆ 1,200 ಪದದಂತೆ 24,000. ಉಳಿದದ್ದು ಮುಂದಿನ ಮಳೆಗಾಲಕ್ಕೆ. ಎರಡು ಮಳೆಗಾಲ ನಿಧಾನ ಅನಿಸಬಹುದು, ಮೂರು ವರ್ಷಕ್ಕೆ ಏಳು ಅಧ್ಯಾಯದ ಎದುರು ಅದು ಓಟ. ಬೇಸಿಗೆಗೆ ಟೈಪಿಂಗ್, ತಿದ್ದುಪಡಿ ಇಟ್ಟುಕೊಳ್ಳಿ, ಅದನ್ನು ನೆಂಟರ ನಡುವೆಯೂ ಮಾಡಬಹುದು.

ಮಳೆಗಾಲಕ್ಕೂ ಅದರದ್ದೇ ತಾಪತ್ರಯ ಇದೆ. ಮಳೆಯ ರಜೆ ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಘೋಷಣೆಯಾಗುತ್ತದೆ, ಆ ದಿನ ಮಕ್ಕಳು ಮನೆಯಲ್ಲಿ. ಅದನ್ನು ಬರೆಯದ ದಿನಗಳಲ್ಲೇ ಸೇರಿಸಿಬಿಡಿ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಮೊದಲ ಕರಡು ನೋಟ್‌ಪುಸ್ತಕದಲ್ಲೇ ಆಗಲಿ. ತೇವ ಹಿಡಿದ ಕಾಗದದ ಮೇಲೆ ಜೆಲ್ ಪೆನ್ ಹರಡುತ್ತದೆ, ಬಾಲ್ ಪೆನ್ ಸಾಕು. ಭಾನುವಾರ ಪುಟಗಳ ಫೋಟೋ ತೆಗೆದಿಡಿ. ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ಪ್ರಕಾಶಕರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕೇಳಿದರೆ ಕೊನೆಗೊಮ್ಮೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ ಒಡೆದಿವೆಯೇ ಎಂದು ಪುಟಪುಟ ನೋಡಿ. ಮೊಬೈಲಿಗೆ ಹೇಳಿ ಬರೆಸುವುದು ವಿವರಣೆಗೆ ಪರವಾಗಿಲ್ಲ. ಕುಂದಾಪ್ರ ಕನ್ನಡದ ಸಂಭಾಷಣೆ, ನಡುವೆ ತುಳು ಬಂತೋ, ಪೂರ್ತಿ ಕೆಡುತ್ತದೆ.

ಬಸ್ಸಿನಲ್ಲಿ ಬರೆಯುವ ಆಸೆ ಬಿಡಿ, ಕುಲುಕಾಟಕ್ಕೆ ಅಕ್ಷರ ನಿಲ್ಲುವುದಿಲ್ಲ. ಬೆಳಿಗ್ಗೆ ಸೀಟು ಸಿಕ್ಕಿದರೆ ಒಂದೇ ಒಂದು ಪ್ರಶ್ನೆ ತೆಗೆದುಕೊಂಡು ಹತ್ತಿ: ಲಲಿತ ಕಾಗದವನ್ನು ಎಲ್ಲಿ ಬಚ್ಚಿಡುತ್ತಾಳೆ? ಪಡುಬಿದ್ರಿ ದಾಟುವಾಗ ಉತ್ತರ ಬಾರದಿದ್ದರೆ ಸುರತ್ಕಲ್‌ನ ಟ್ರಾಫಿಕ್ಕಿನಲ್ಲಿ ಬಂದೀತು. ಸಂಜೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಿಂತುಕೊಂಡು ಬಂದವರಿಗೆ ಕತೆ ಹೊಳೆಯುವುದಿಲ್ಲ.

ಮನೆಯವರಿಗೆ "ತೊಂದರೆ ಕೊಡಬೇಡಿ" ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು. "ಆರೂವರೆಗೆ ಬರೆಯುವುದು ಬಿಟ್ಟು ಏಳ್ತೇನೆ" ಅನ್ನಿ. ಕೊನೆ ಗೊತ್ತಿದ್ದರೆ ಮಕ್ಕಳೂ ನಲವತ್ತು ನಿಮಿಷ ಕಾಯುತ್ತಾರೆ. ಆದರೆ ಆರೂವರೆ ಅಂದರೆ ಆರೂವರೆಯೇ, ಬರವಣಿಗೆ ಎಷ್ಟು ಚೆನ್ನಾಗಿ ಓಡುತ್ತಿದ್ದರೂ. ಎರಡು ಸಲ ಮೀರಿದಿರೋ, ಮೂರನೇ ಸಲ ಬಾಗಿಲು ಬಡಿಯುತ್ತಾರೆ, ತಪ್ಪು ಅವರದ್ದಲ್ಲ. ರಾತ್ರಿ ಹನ್ನೊಂದೂವರೆಗೆ ಮಲಗುವವರು ನಾಲ್ಕೂವರೆಗೆ ಏಳುವ ಸಾಹಸ ಮಾಡಬೇಡಿ, ಎರಡನೇ ವಾರದಲ್ಲಿ ನಿದ್ದೆ ಗೆಲ್ಲುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ, ಗಂಡನ ಮತ್ತು ಶಾಲೆಯ ಕರೆ ಮಾತ್ರ ರಿಂಗಾಗುವಂತೆ ಇಡಿ.

ಟಿವಿ, ಮಿಕ್ಸಿ ಸದ್ದಿನ ನಡುವೆ ಸಂಭಾಷಣೆ ಬರೆಯಬಹುದು, ಮಾತಿಗೆ ತನ್ನದೇ ವೇಗ ಇದೆ. ಪಾತ್ರದ ಮನಸ್ಸಿನೊಳಗಿನದ್ದು ಸದ್ದಿನಲ್ಲಿ ಬರೆದರೆ ಸವಕಲು ಉಪಮೆಗಳೇ ಬರುತ್ತವೆ, ಅದನ್ನು ಬೆಳಗಿಗೆ ಇಡಿ. ಮೊದಲ ಕರಡನ್ನು ಮನೆಯಲ್ಲಿ ಯಾರಿಗೂ ತೋರಿಸಬೇಡಿ, ಅತ್ತೆಗಂತೂ ಬೇಡವೇ ಬೇಡ. ಕಾದಂಬರಿಯಲ್ಲಿ ಅತ್ತೆಯೊಬ್ಬಳು ಇದ್ದರೆ ಅದು ತಾನೇ ಎಂದುಕೊಳ್ಳುತ್ತಾರೆ, ಅಲ್ಲಿಂದ ಮುಂದೆ ನೀವು ಆ ಪಾತ್ರವನ್ನು ಒಳ್ಳೆಯವಳನ್ನಾಗಿ ಮಾಡತೊಡಗುತ್ತೀರಿ.

ಎಂಟನೇ ಅಧ್ಯಾಯಕ್ಕೆ ಆರಂಭದ ಸಾಲು ಹುಡುಕುತ್ತಾ ಕೂರಬೇಡಿ. ಅದರಲ್ಲಿ ಯಾರಾದರೂ ಆಡುವ ಒಂದು ಮಾತು ಗೊತ್ತಿದ್ದರೆ ಅಲ್ಲಿಂದ ಶುರು ಮಾಡಿ, ಮೇಲೆ ಅರ್ಧ ಪುಟ ಖಾಲಿ ಬಿಡಿ.