ಬಸುರಿನಲ್ಲಿ ಜ್ವರ ಬಂದಿತ್ತು, ತಪ್ಪು ನನ್ನದಾ?

ಪ್ರಶ್ನೆ: ನಾವು ಗದಗ ಹತ್ತಿರದ ಹಳ್ಳಿಯವರು. ನನಗೆ ಐದು ತಿಂಗಳಿದ್ದಾಗ ಡೆಂಗಿ ಆಗಿ ಆರು ದಿನ ಜ್ವರ ಬಿಡಲಿಲ್ಲ, ಆಸ್ಪತ್ರೆಯಲ್ಲಿದ್ದೆ. ಈಗ ಮಗನಿಗೆ ಎರಡು ವರ್ಷ ಮೂರು ತಿಂಗಳು. ನಾಲ್ಕೈದು ಮಾತಷ್ಟೇ ಆಡುತ್ತಾನೆ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬಸುರಿನಲ್ಲಿ ಜ್ವರ ಬಂದರೆ ಮಗುವಿಗೆ ಆಟಿಸಂ ಆಗುತ್ತದೆ ಅಂತ ಮೊಬೈಲಿನಲ್ಲಿ ನೋಡಿದೆ. "ಹೊಟ್ಟ್ಯಾಗಿದ್ದಾಗ ಜ್ವರ ಬಂತಲ್ಲ, ಅದಕ್ಕ ಕೂಸು ಹಿಂಗಾತು" ಅಂತ ಅತ್ತೆಯೂ ಅನ್ನುತ್ತಾರೆ. ತಪ್ಪು ನನ್ನದಾ?
– ಒಬ್ಬ ತಾಯಿ, ಗದಗ ಜಿಲ್ಲೆ

ಉತ್ತರ: ತಪ್ಪು ನಿಮ್ಮದಲ್ಲವ್ವಾ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆ ಅನ್ನುವುದನ್ನು ಆಮೇಲೆ ನಿಧಾನವಾಗಿ ಹೇಳುತ್ತೇನೆ.

ಆಟಿಸಂ ಅಂದರೆ ಮಾತಾಡುವುದು, ಜನರ ಜೊತೆ ಬೆರೆಯುವುದು ಕಷ್ಟವಾಗಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಕಾಣುವ ಮೆದುಳಿನ ಬೆಳವಣಿಗೆಯ ಸ್ಥಿತಿ. ಅದರ ಬಗ್ಗೆ ಮೊಬೈಲಿನಲ್ಲಿ ನೀವು ನೋಡಿದ್ದು ಅರ್ಧ ಮಾತು. ತಾಯಿಗೆ ಸೋಂಕು ತಗುಲಿದಾಗ ಬಹಳ ಸಲ ರೋಗಾಣು ಮಗುವಿನ ತನಕ ಹೋಗುವುದೇ ಇಲ್ಲ. ಆದರೆ ತಾಯಿಯ ದೇಹ ರೋಗದ ವಿರುದ್ಧ ಎದ್ದಾಗ ರಕ್ತದಲ್ಲಿ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ, ಊರಲ್ಲಿ ಡಂಗುರ ಸಾರಿದ ಹಾಗೆ. ಡಂಗುರ ಹೊಡೆಯುವವನು ಓಣಿಯಲ್ಲೇ ಇದ್ದರೂ ಸದ್ದು ಬಾಗಿಲು ಹಾಕಿದ ಮನೆಯೊಳಗೂ ಕೇಳಿಸುತ್ತದೆ, ಅಲ್ವಾ? ಒಳಗೆ ಮಗುವಿನ ಮೆದುಳು ಕಟ್ಟಿಕೊಳ್ಳುವ ಹೊತ್ತಲ್ಲಿ ಆ ಸದ್ದು ಬಹಳ ಜೋರಾದರೆ ಏನಾಗುತ್ತದೆ ಅಂತ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದರು.

ಬಸುರಿ ಇಲಿಗೆ ಅವರು ವೈರಸ್ ಕೊಡಲಿಲ್ಲ. ವೈರಸ್ ಬಂತು ಅಂತ ದೇಹ ನಂಬುವಂಥ ಪಾಲಿ ಐಸಿ ಅನ್ನುವ ವಸ್ತುವನ್ನು ಚುಚ್ಚಿದರು. ಅಂದರೆ ರೋಗವೇ ಇಲ್ಲ, ಬರೀ ಡಂಗುರ. ಹುಟ್ಟಿದ ಮರಿಗಳು ದೊಡ್ಡವಾದಾಗ ಬೇರೆ ಇಲಿಗಳ ಜೊತೆ ಬೆರೆಯುವುದು ಕಡಿಮೆ ಇತ್ತು. ಗಾಜಿನ ಗೋಲಿಗಳನ್ನು ಇಟ್ಟರೆ ಒಂದೇ ಸಮನೆ ಹಾಸಿನೊಳಗೆ ಹೂಳುತ್ತಿದ್ದವು. 2007ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವಾದ ಕ್ಯಾಲ್ಟೆಕ್‌ನಲ್ಲಿ ಪಾಲ್ ಪ್ಯಾಟರ್ಸನ್ ಅವರ ತಂಡ ಇಂಟರ್‌ಲ್ಯೂಕಿನ್-6 ಅನ್ನುವ ಒಂದು ಪ್ರೋಟೀನನ್ನು ತಡೆದು ನೋಡಿತು. ಮರಿಗಳು ಹೆಚ್ಚುಕಡಿಮೆ ಬೇರೆ ಮರಿಗಳ ಹಾಗೇ ಬೆಳೆದವು. 2016ರಲ್ಲಿ ಗ್ಲೋರಿಯಾ ಚೋಯ್ ಮತ್ತು ಜುನ್ ಹುಹ್ ಅವರ ತಂಡ ಇಂಟರ್‌ಲ್ಯೂಕಿನ್-17ಎ ಅನ್ನುವ ಇನ್ನೊಂದನ್ನು ಹಿಡಿಯಿತು. ಮರುವರ್ಷ ಅವರೇ ಮತ್ತೊಂದು ಸಂಗತಿ ತೋರಿಸಿದರು, ಅದು ನಿಮಗೆ ಮುಖ್ಯ: ತಾಯಿ ಇಲಿಯ ಕರುಳಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಅದೇ ಚುಚ್ಚುಮದ್ದು ಕೊಟ್ಟರೂ ಮರಿಗಳಿಗೆ ಏನೂ ಆಗಲಿಲ್ಲ. ಪಂಜರದೊಳಗಿನ ಇಲಿಯಲ್ಲೇ ಹೀಗೆ. ಇನ್ನು ಮನುಷ್ಯರಲ್ಲಿ ಒಂದು ಜ್ವರಕ್ಕೆ ಬೆರಳು ತೋರಿಸುವುದು ಹೇಗೆ?

ಮನುಷ್ಯರ ಲೆಕ್ಕಕ್ಕೆ ಬರೋಣ. ಡೆನ್ಮಾರ್ಕ್‌ನಲ್ಲಿ 1980ರಿಂದ 2005ರ ತನಕ ಹುಟ್ಟಿದ 16 ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿದ್ದಾರೆ. ಮೊದಲ ಮೂರು ತಿಂಗಳಲ್ಲಿ ವೈರಸ್ ಸೋಂಕಿಗೆ ಆಸ್ಪತ್ರೆ ಸೇರಿದ ತಾಯಂದಿರ ಮಕ್ಕಳಲ್ಲಿ ಆಟಿಸಂ ಸುಮಾರು ಮೂರು ಪಟ್ಟು ಕಂಡಿತು. ನಿಮ್ಮದು ಐದನೇ ತಿಂಗಳು. ಮೂರು ಪಟ್ಟು ಅಂದರೆ ಎದೆ ಧಸಕ್ ಅನ್ನುತ್ತದೆ ನಿಜ, ಆದರೆ ನೂರರಲ್ಲಿ ಒಂದು ಇದ್ದದ್ದು ಮೂರಾದರೂ ಉಳಿದ 97 ಮಕ್ಕಳಿಗೆ ಆಟಿಸಂ ಇರುವುದಿಲ್ಲ. ಆಮೇಲೆ 2022ರಲ್ಲಿ ಸ್ವೀಡನ್‌ನವರು ಸುಮಾರು ಐದೂವರೆ ಲಕ್ಷ ಮಕ್ಕಳನ್ನು ನೋಡಿದರು. ಒಬ್ಬಳೇ ತಾಯಿಯ ಮಕ್ಕಳನ್ನು, ಒಂದು ಬಸುರಿನಲ್ಲಿ ಸೋಂಕು ಬಂದಿತ್ತು ಇನ್ನೊಂದರಲ್ಲಿ ಇರಲಿಲ್ಲ ಅನ್ನುವವರನ್ನು, ಅಕ್ಕಪಕ್ಕ ಇಟ್ಟು ಹೋಲಿಸಿದಾಗ ಆಟಿಸಂ ಜೊತೆಗಿನ ಆ ನಂಟು ಕಾಣಲಿಲ್ಲ. ಕಾರಣದ ದೊಡ್ಡ ಪಾಲು ಮನೆತನದಲ್ಲಿ, ವಂಶವಾಹಿಗಳಲ್ಲಿ ಇರಬಹುದು ಅಂತ ಇದರ ಅರ್ಥ. ಅತ್ತೆಗೆ ಇದನ್ನು ಓದಿ ಹೇಳಿ. ಅವರಿಗೂ ಮೊಮ್ಮಗನ ಚಿಂತೆಯೇ ಹಾಗೆ ಮಾತಾಡಿಸುತ್ತಿದೆ.

ನಮ್ಮ ಒಪಿಡಿಗೆ ಇಂಥ ತಾಯಂದಿರು ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ಬರುತ್ತಾರೆ. ಜ್ವರ ಬಂದ ದಿನದ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಮಗು ಅತ್ತ ಮೇಜಿನ ಕೆಳಗೆ ಆಟದ ಗಾಡಿ ಮಗುಚಿ ಅದರ ಗಾಲಿ ತಿರುಗಿಸುತ್ತ ಕೂತಿರುತ್ತದೆ. ನಾನು ಕಾರ್ಡು ಬದಿಗಿಟ್ಟು ಮಗುವಿನ ಹತ್ತಿರ ನೆಲದ ಮೇಲೆ ಕೂರುತ್ತೇನೆ.

ನೀವೂ ಮಗನನ್ನು ಹಾಗೆ ನೋಡಿ. ಹಿಂದಿನಿಂದ ಬಿಸ್ಕೀಟಿನ ಪಾಕೀಟು ಪರಪರ ಅನಿಸಿದರೆ ತಿರುಗುತ್ತಾನಾ? ಓಣಿಯಲ್ಲಿ ಟ್ರ್ಯಾಕ್ಟರ್ ಬಂದರೆ ಬೆರಳು ಮಾಡಿ ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಪಾಕೀಟಿಗೆ ತಿರುಗಿ ಹೆಸರಿಗೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ವೈದ್ಯರಿಗೆ ಇದನ್ನು ಹೀಗೇ ಹೇಳಿ. ಏನೇ ಕಂಡರೂ ಕಿವಿಯ ಪರೀಕ್ಷೆ ಮೊದಲು ಆಗಲಿ, ಕಿವಿ ಕೇಳಿಸದ ಮಗುವೂ ಹೀಗೇ ಇರಬಹುದು. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗ ಹತ್ತಿರ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಹೋಗಬಹುದು. "ಗಂಡು ಹುಡುಗರು ತಡವಾಗಿ ಮಾತಾಡ್ತಾರೆ, ಮೂರು ವರ್ಷ ಆಗಲಿ" ಅನ್ನುವವರ ಮಾತು ಕೇಳಿ ಸುಮ್ನೆ ಕೂರಬೇಡಿ. ಆಟಿಸಂ ಅಂತಲೇ ಆದರೂ ತರಬೇತಿ ಬೇಗ ಶುರುವಾದಷ್ಟು ಒಳ್ಳೆಯದು. ಈ ವಾರವೇ ಹೋಗಿ.

ಪ್ರಶ್ನೆ: ನನಗೀಗ ಮೂರು ತಿಂಗಳು. ಎರಡು ದಿನದಿಂದ ಜ್ವರ. ಗುಳಿಗೆ ತಗೊಂಡರೆ ಕೂಸಿಗೆ ತೊಂದರೆ ಅಂತ ಮನೆಯಲ್ಲಿ ಬೇಡ ಅಂದಿದ್ದಾರೆ. ಪ್ಯಾರಾಸಿಟಮಾಲ್‌ನಿಂದಲೇ ಆಟಿಸಂ ಬರುತ್ತದಂತೆ, ನಿಜವಾ?
– ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ತಂಗೀ, ನೀವು ಇದನ್ನು ಓದುವ ಹೊತ್ತಿಗೆ ಆ ಜ್ವರ ಮುಗಿದಿರುತ್ತದೆ. ಆದರೂ ಬರೆಯುತ್ತೇನೆ, ಈ ಮಾತು ಪ್ರತಿ ಓಣಿಯಲ್ಲೂ ಇದೆ.

ಬಸುರಿನಲ್ಲಿ ಜ್ವರವನ್ನು ಸಹಿಸಿಕೊಂಡು ಮಲಗುವುದೇ ತಪ್ಪು. ಡೆನ್ಮಾರ್ಕ್‌ನ ಇನ್ನೊಂದು ಅಧ್ಯಯನದಲ್ಲಿ, ಸುಮಾರು 97 ಸಾವಿರ ಮಕ್ಕಳಲ್ಲಿ, ನೆಗಡಿಯಂಥ ಸಣ್ಣಪುಟ್ಟ ಸೋಂಕಿಗೆ ಆಟಿಸಂ ಜೊತೆ ನಂಟು ಸಿಗಲಿಲ್ಲ. ಒಂದು ವಾರ ಅಥವಾ ಅದಕ್ಕೂ ಜಾಸ್ತಿ ದಿನ ಬಿಡದ ಜ್ವರಕ್ಕೆ ಸಿಕ್ಕಿತು. 2013ರ ಕ್ಯಾಲಿಫೋರ್ನಿಯಾದ ಅಧ್ಯಯನದಲ್ಲಿ ಜ್ವರಕ್ಕೆ ಗುಳಿಗೆ ತಗೊಂಡ ತಾಯಂದಿರ ಮಕ್ಕಳಲ್ಲಿ ಅಪಾಯ ಏರಿರಲಿಲ್ಲ, ತಗೊಳ್ಳದವರಲ್ಲಿ ಏರಿತ್ತು. ಪ್ಯಾರಾಸಿಟಮಾಲ್ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಅದರಿಂದ ಆಟಿಸಂ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಅಧ್ಯಕ್ಷರೇ ಆಡಿದ ಮಾತು ಇಲ್ಲಿಯ ವಾಟ್ಸಾಪ್‌ವರೆಗೂ ಬಂತು. ಅದಕ್ಕೆ ಒಂದು ವರ್ಷ ಮೊದಲೇ ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿ, ಒಡಹುಟ್ಟಿದವರನ್ನು ಹೋಲಿಸಿದಾಗ ನಂಟು ಸಿಕ್ಕಿರಲಿಲ್ಲ.

ಹಾಗಾಗಿ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ತಗೊಳ್ಳಿ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಬೇಕಾದಷ್ಟೇ ದಿನ. ಅದೇ ದಿನ ಡಾಕ್ಟರಿಗೆ ತೋರಿಸಿ, ಯಾಕಂದರೆ ಗುಳಿಗೆ ಜ್ವರ ಇಳಿಸುತ್ತದೆ, ಜ್ವರದ ಮೂಲ ಉಚ್ಚೆಯ ಸೋಂಕೋ ಡೆಂಗಿಯೋ ಮಲೇರಿಯಾವೋ ಅನ್ನುವುದು ಪರೀಕ್ಷೆ ಮಾಡಿದರಷ್ಟೇ ಗೊತ್ತಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಮೈಕೈ ನೋವಿಗೆ ಅಂತ ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೆರೆಸಿದ ಗುಳಿಗೆ ಮಾತ್ರ ಬೇಡ. ಬಸುರಿಗೂ ಅದು ಸರಿಯಲ್ಲ, ಡೆಂಗಿ ಇದ್ದರೆ ರಕ್ತಸ್ರಾವದ ಭಯವೂ ಇದೆ.

ಇನ್ನೊಂದು ಮಾತು. ನಮ್ಮ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ, ಎಲ್ಲರ ಮನೆಯಲ್ಲೂ ಬ್ಯಾರಲ್, ಕೊಡ ತುಂಬಿಟ್ಟಿರುತ್ತಾರೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ, ನೀರಿನ ಅಂಚಿಗೆ ಗೋಡೆಗೆ ಅಂಟಿಸಿ. ಬ್ಯಾರಲ್ ಬರಿದು ಮಾಡಿದರೂ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ. ಅದಕ್ಕೆ ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಶ್ ಹಾಕಿ ತಿಕ್ಕಬೇಕು, ಮೇಲೆ ಬಟ್ಟೆ ಬಿಗಿದು ಕಟ್ಟಬೇಕು. ಈ ಕೆಲಸ ಬಸುರಿಯದ್ದಲ್ಲ. ಮನೆಯ ಗಂಡಸರು ಮಾಡಲಿ.

ಪ್ರಶ್ನೆ: ಹೆಂಡತಿಗೆ ನಾಲ್ಕು ತಿಂಗಳು. ಲಸಿಕೆಯೂ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದಲ್ಲ, ಹಾಗಾದರೆ ಟಿಡಿ ಇಂಜೆಕ್ಷನ್ ಬೇಡ ಅನ್ನಬಹುದಾ? ರುಬೆಲ್ಲಾ ಲಸಿಕೆಯ ಬಗ್ಗೆಯೂ ಹೇಳಿ.
– ಧಾರವಾಡ

ಉತ್ತರ: ಟಿಡಿ ಖಂಡಿತ ಹಾಕಿಸಿ, ಹುಟ್ಟುವ ಮಗುವನ್ನು ಧನುರ್ವಾಯುವಿನಿಂದ ಕಾಯುವುದು ಅದೇ. ಲಸಿಕೆ ಎಬ್ಬಿಸುವ ಸದ್ದು ಸಣ್ಣದು, ಒಂದೆರಡು ದಿನದ್ದು. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1.97 ಲಕ್ಷ ಮಕ್ಕಳನ್ನು ನೋಡಿದ 2017ರ ಅಧ್ಯಯನದಲ್ಲಿ, ಬಸುರಿನಲ್ಲಿ ಫ್ಲೂ ಲಸಿಕೆ ಪಡೆದವರ ಮಕ್ಕಳಲ್ಲಿ ಒಟ್ಟಾರೆ ಆಟಿಸಂ ಜಾಸ್ತಿ ಆಗಿರಲಿಲ್ಲ.

ರುಬೆಲ್ಲಾ, ಅಂದರೆ ಜ್ವರದ ಜೊತೆ ಮೈಮೇಲೆ ಕೆಂಪು ದದ್ದು ಏಳುವ ವೈರಸ್ ರೋಗ, ಬೇರೆ ಕಥೆ. ಅಲ್ಲಿ ವೈರಸ್ಸೇ ಮಗುವಿಗೆ ದಾಟುತ್ತದೆ. 1964-65ರಲ್ಲಿ ಅಮೆರಿಕದಲ್ಲಿ ಅದು ಹರಡಿದಾಗ ಸುಮಾರು 20,000 ಮಕ್ಕಳು ಕಿವಿ, ಕಣ್ಣು, ಹೃದಯದ ತೊಂದರೆ ಹೊತ್ತು ಹುಟ್ಟಿದರು, ಅವರಲ್ಲಿ ಆಟಿಸಂ ಕೂಡ ಜಾಸ್ತಿ ಕಂಡಿತು. ಆದರೆ ಈ ಲಸಿಕೆಯನ್ನು ಬಸುರಿನಲ್ಲಿ ಕೊಡುವುದಿಲ್ಲ, ನಿಮ್ಮವರಿಗೆ ಹೆರಿಗೆಯಾದ ಮೇಲೆ ಹಾಕಿಸಿ. ಕರ್ನಾಟಕದಲ್ಲಿ 2017ರ ಅಭಿಯಾನದಲ್ಲಿ 15 ವರ್ಷದೊಳಗಿನವರಿಗೆ ಹಾಕಿದರು, ಆಗ ಅದಕ್ಕಿಂತ ದೊಡ್ಡವರಾಗಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಸಿಕ್ಕೇ ಇಲ್ಲ. ಮನೆಯಲ್ಲಿ ಮದುವೆಗೆ ನಿಂತ ತಂಗಿಯೋ ನಾದಿನಿಯೋ ಇದ್ದರೆ ಈಗಲೇ ಕೇಳಿ ನೋಡಿ. ಹಾಕಿಸಿಲ್ಲ ಅಂದರೆ ಮದುವೆಗೆ ಮುಂಚೆಯೇ ಹಾಕಿಸಿ, ಆಮೇಲೆ ಒಂದು ತಿಂಗಳು ಬಸುರಾಗದಂತೆ ನೋಡಿಕೊಂಡರೆ ಸಾಕು.